‘ಗೋ’ ಎಂಬ ಕ್ರಿಯಾಪದ ಭವಿಷ್ಯತ್ಕಾಲವಾದ ಬಗೆ

[ಪರದೆಯ ಮೇಲೆ: ಐ ಆಮ್ ಗೋಯಿಂಗ್ ಟು ಮೀಟ್ ದ ಕಿಂಗ್]

ನಮಸ್ಕಾರ. ಈ ಇಂಗ್ಲಿಷ್ ವಾಕ್ಯವನ್ನು ‘ಅರಸನನ್ನು ಕಾಣಲು ಹೋಗುತ್ತಿದ್ದೇನೆ’ ಎಂದೂ ‘ಅರಸನನ್ನು ಕಾಣಲಿದ್ದೇನೆ’ ಎಂದೂ ಅರ್ಥಮಾಡಿಕೊಳ್ಳಬಹುದು. ದಾರಿಯಲ್ಲಿರುವವನು ಇದನ್ನು ಹೇಳಿದಾಗ ಎರಡೂ ನಿಜ. ಏಕೆಂದರೆ ಉದ್ದೇಶವಿಟ್ಟು ಹೊರಟವನ ಕೆಲಸ ಇನ್ನೂ ಮುಂದೆ ನಡೆಯಬೇಕಾದದ್ದು. ‘ಗೋ’ ಎಂಬ ದಿನಬಳಕೆಯ ಕ್ರಿಯಾಪದ ಕಾಲಸೂಚಕವಾಗಿ ಮಾರ್ಪಟ್ಟದ್ದು ಇಂತಹ ಎರಡರ್ಥದ ವಾಕ್ಯಗಳಲ್ಲೇ. ಯಾವ ಪಂಡಿತರೂ ಇದನ್ನು ವಿಧಿಸಲಿಲ್ಲ. ಕೇಳುವವರು ತಲೆಮಾರುಗಳ ಕಾಲ ನಡಿಗೆಗಿಂತ ಉದ್ದೇಶಕ್ಕೇ ಹೆಚ್ಚು ಕಿವಿಗೊಟ್ಟರು.

ಈ ಬಗೆಯ ಬಳಕೆ 15ನೆಯ ಶತಮಾನದ ಕೊನೆಯ ಭಾಗದ ಬರಹಗಳಲ್ಲಿಯೇ ಸಿಗುತ್ತದೆ. 1646ರಲ್ಲಿ ಜೋಶುವಾ ಪೂಲ್ ಎಂಬ ವ್ಯಾಕರಣಕಾರರು ‘ಗೋಯಿಂಗ್ ಟು’ ಎಂಬುದನ್ನು ಭವಿಷ್ಯದ ಚಿಹ್ನೆಯೆಂದೇ ದಾಖಲಿಸಿದರು. ಆ ಬಳಿಕ ಅದು ನಡೆಯಲಾರದ ವಸ್ತುಗಳಿಗೂ ಹಬ್ಬಿತು. ‘ಇಟ್ ಈಸ್ ಗೋಯಿಂಗ್ ಟು ರೇನ್’ ಎನ್ನುವಾಗ ಯಾರೂ ಎಲ್ಲಿಗೂ ಹೊರಟಿರುವುದಿಲ್ಲ. ‘ಗೋಯಿಂಗ್ ಟು ಗೋ’ ಎಂದರೂ ಪುನರುಕ್ತಿಯೆನಿಸುವುದಿಲ್ಲ.

[ಪರದೆಯ ಮೇಲೆ: ಗೋಯಿಂಗ್ ಟು → ಗೊನ್ನ]

ಅರ್ಥ ತೆಳುವಾದಂತೆ ಉಚ್ಚಾರಣೆಯೂ ಸವೆಯಿತು. ‘ಗೊನ್ನ’ ಎನ್ನುವುದನ್ನು ಸೋಮಾರಿಗಳ ಮಾತೆಂದು ಹಳಿಯುವವರು ಅದರ ಕಟ್ಟುನಿಟ್ಟನ್ನು ಗಮನಿಸಬೇಕು. ‘ಐ ಆಮ್ ಗೊನ್ನ ಈಟ್’ ಎನ್ನುವವರು ‘ಐ ಆಮ್ ಗೊನ್ನ ಲಂಡನ್’ ಎಂದು ಎಂದಿಗೂ ಹೇಳುವುದಿಲ್ಲ. ಊರಿಗೆ ಹೋಗುವ ‘ಗೋಯಿಂಗ್’ ಪೂರ್ಣ ಕ್ರಿಯಾಪದವಾಗಿಯೇ ಉಳಿದಿದೆ. ಸವೆದದ್ದು ವ್ಯಾಕರಣದ ಕೆಲಸಕ್ಕೆ ನಿಂತ ರೂಪ ಮಾತ್ರ. ಇಷ್ಟು ಸೂಕ್ಷ್ಮವಾದ ನಿಯಮವನ್ನು ಸೋಮಾರಿತನ ಪಾಲಿಸಲಾರದು.

‘ವಿಲ್’ ಇದೇ ಹಾದಿಯನ್ನು ಬಹಳ ಮೊದಲೇ ಸವೆಸಿತ್ತು. ಪ್ರಾಚೀನ ಇಂಗ್ಲಿಷಿನಲ್ಲಿ ಅದಕ್ಕೆ ‘ಬಯಸು’ ಎಂಬ ಅರ್ಥವಿತ್ತು. ಅದೇ ಮೂಲದ ನಾಮಪದವನ್ನು ನಾವು ‘ಉಯಿಲು’ ಎಂದು ಮಾಡಿಕೊಂಡಿದ್ದೇವೆ, ಅಲ್ಲಿ ಬರೆದವರ ಇಚ್ಛೆ ಇನ್ನೂ ಹಾಗೆಯೇ ಉಳಿದಿದೆ.

ಸ್ವತಂತ್ರ ಪದಗಳು ಹೀಗೆ ವ್ಯಾಕರಣದ ಅಂಶಗಳಾಗುವುದಕ್ಕೆ 1912ರಲ್ಲಿ ಫ್ರೆಂಚ್ ಭಾಷಾವಿಜ್ಞಾನಿ ಆಂತ್ವಾನ್ ಮೆಯ್ಯೆ ಅವರು ಕೊಟ್ಟ ಹೆಸರನ್ನು ಕನ್ನಡದಲ್ಲಿ ವ್ಯಾಕರಣೀಕರಣ ಎನ್ನಬಹುದು. ಕನ್ನಡದ ‘ಹೋಗು’ ಕೂಡ ಇದಕ್ಕೆ ಒಳಗಾಗಿದೆ, ಆದರೆ ಬೇರೆ ದಿಕ್ಕಿನಲ್ಲಿ. ‘ಬಟ್ಟಲು ಒಡೆದುಹೋಯಿತು’ ಎನ್ನುವಲ್ಲಿ ಅದು ಮುಂದಾಗುವುದನ್ನಲ್ಲ, ಮುಗಿದದ್ದನ್ನು ಸೂಚಿಸುತ್ತದೆ. ಇಂಗ್ಲಿಷಿನವರು ಹೊರಟವನ ಗುರಿಯನ್ನು ನೋಡಿದರೆ, ನಾವು ಕೈಬಿಟ್ಟು ಹೋದದ್ದನ್ನು ನೋಡಿದೆವೆಂದು ನನಗೆ ತೋರುತ್ತದೆ.