ಬ್ರಿಟನ್ನಿನ ಕಲ್ಲಿದ್ದಲು ಗಣಿಗಳು: ಏಳಿಗೆ ಮತ್ತು ಇಳಿಗಾಲ

ಸಭೆಯಲ್ಲಿ ನೆರೆದಿರುವ ಎಲ್ಲರಿಗೂ ನಮಸ್ಕಾರ.

ಬ್ರಿಟನ್ನಿನ ಕಲ್ಲಿದ್ದಲು ಗಣಿಗಳು ಏಕೆ ಮುಚ್ಚಿದವು ಎಂದು ಕೇಳಿದರೆ ಬಹುತೇಕರು 1984ರ ಮುಷ್ಕರದತ್ತ ಬೊಟ್ಟು ಮಾಡುತ್ತಾರೆ. ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಮತ್ತು ಗಣಿ ಕಾರ್ಮಿಕರ ನಾಯಕ ಆರ್ಥರ್ ಸ್ಕಾರ್ಗಿಲ್ ನಡುವಿನ ಹಣಾಹಣಿಯಲ್ಲಿ ಒಂದು ಉದ್ಯಮವೇ ಅಳಿದುಹೋಯಿತು ಎಂಬ ಕಥೆ ಜನಮನದಲ್ಲಿ ಅಷ್ಟು ಗಟ್ಟಿಯಾಗಿ ನೆಲೆಯೂರಿದೆ. ಆದರೆ ಆ ಗಣಿಗಳ ಉತ್ಪಾದನೆ ತನ್ನ ತುತ್ತತುದಿಯನ್ನು ಮುಟ್ಟಿದ್ದು 1913ರಲ್ಲಿ, ಅಂದರೆ ಆ ಮುಷ್ಕರಕ್ಕೆ 71 ವರ್ಷ ಮೊದಲು. ಅಷ್ಟು ದೀರ್ಘವಾದ ಇಳಿಜಾರಿನಲ್ಲಿ ಕೊನೆಯ ಹತ್ತು ವರ್ಷಗಳೇ ಏಕೆ ಇಷ್ಟು ನೋವಿನ ನೆನಪಾಗಿ ಉಳಿದವು ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡಿದ ಪ್ರಶ್ನೆ.

ಈ ಕಥೆ ಮೊದಲಾಗುವುದು ನೀರಿನಿಂದ. ನೆಲಮಟ್ಟಕ್ಕೆ ಹತ್ತಿರವಿದ್ದ ಪದರಗಳು ಬರಿದಾಗಿ ಗಣಿಗಳು ಆಳಕ್ಕೆ ಇಳಿದಂತೆಲ್ಲ ತಳದಲ್ಲಿ ನೀರು ಜಿನುಗಿ ತುಂಬಿಕೊಳ್ಳುತ್ತಿತ್ತು. ಕುದುರೆಗಳನ್ನು ಕಟ್ಟಿ ಎಷ್ಟು ಎತ್ತಿಸಿದರೂ ಅದು ಬತ್ತುತ್ತಿರಲಿಲ್ಲ. 1712ರಲ್ಲಿ ಡಡ್ಲಿ ಕೋಟೆಯ ಸಮೀಪದ ಗಣಿಯೊಂದರಲ್ಲಿ ಥಾಮಸ್ ನ್ಯೂಕಾಮೆನ್ ನಿಲ್ಲಿಸಿದ ಉಗಿಯಂತ್ರ ಈ ತೊಡಕನ್ನು ಬಿಡಿಸಿತು. ಆ ಯಂತ್ರಕ್ಕೆ ವಿಪರೀತ ಉರುವಲು ಬೇಕಾಗುತ್ತಿತ್ತು, ನಿಜ. ಆದರೆ ಗಣಿಯ ಬಾಯಲ್ಲೇ ಮಾರಾಟವಾಗದೆ ಬಿದ್ದಿರುತ್ತಿದ್ದ ಪುಡಿ ಇದ್ದಲು ಅದಕ್ಕೆ ಸಾಕಾಗುತ್ತಿದ್ದುದರಿಂದ ಆ ಹೊಟ್ಟೆಬಾಕತನ ಯಾರಿಗೂ ಹೊರೆಯಾಗಲಿಲ್ಲ. ಮುಂದೆ ರೈಲಿನ ಹುಟ್ಟಿಗೂ ಗಣಿಯೇ ತೊಟ್ಟಿಲಾಯಿತು: ಜಾರ್ಜ್ ಸ್ಟೀವನ್‌ಸನ್ 1814ರಲ್ಲಿ ತನ್ನ ಮೊದಲ ಉಗಿಬಂಡಿಯನ್ನು ಓಡಿಸಿದ್ದು ಕಿಲ್ಲಿಂಗ್‌ವರ್ತ್ ಗಣಿಯ ಹಳಿಗಳ ಮೇಲೆ, ಇದ್ದಲು ಸಾಗಿಸಲೆಂದು.

ಈ ಏಳಿಗೆಯ ಬೆಲೆಯನ್ನು ತೆತ್ತವರು ಯಾರು? ಫೆಲ್ಲಿಂಗ್ ಗಣಿಯಲ್ಲಿ 1812ರಲ್ಲಿ ಅನಿಲ ಸ್ಫೋಟಿಸಿ 92 ಮಂದಿ ಸತ್ತ ಮೇಲೆ, 1815ರಲ್ಲಿ, ಹಂಫ್ರಿ ಡೇವಿಯ ಸುರಕ್ಷಾ ದೀಪ ಬಂತು. 1838ರಲ್ಲಿ ಯಾರ್ಕ್‌ಶೈರ್‌ನ ಹಸ್ಕರ್ ಗಣಿಗೆ ಮಳೆನೀರು ನುಗ್ಗಿ 26 ಮಕ್ಕಳು ಮುಳುಗಿದ ನಂತರ, ಹೆಂಗಸರೂ ಹತ್ತು ವರ್ಷದೊಳಗಿನ ಹುಡುಗರೂ ಭೂಮಿಯೊಳಗೆ ದುಡಿಯಬಾರದೆಂಬ ಕಾನೂನು 1842ರಲ್ಲಿ ಬಂತು. ಅದಕ್ಕೂ ಮುನ್ನ ಐದಾರು ವರ್ಷದ ಕೂಸುಗಳು ಕಗ್ಗತ್ತಲಲ್ಲಿ ಒಬ್ಬೊಬ್ಬರೇ ಕುಳಿತು, ಇದ್ದಲಿನ ಗಾಡಿ ಬಂದಾಗಲೆಲ್ಲ ಗಾಳಿಬಾಗಿಲನ್ನು ಎಳೆದು ತೆರೆಯುತ್ತಿದ್ದವು. ಇಂತಹ ದುರಂತಗಳ ಪೈಕಿ ಹಾರ್ಟ್ಲಿ ಗಣಿಯದು ನನ್ನ ಮನಸ್ಸಿನಿಂದ ಮಾಸುವುದಿಲ್ಲ. 1862ರ ಜನವರಿಯಲ್ಲಿ ಅಲ್ಲಿ ನೀರೆತ್ತುವ ಯಂತ್ರದ ಎರಕದ ಕಬ್ಬಿಣದ ತೊಲೆ ಮುರಿದು ಗಣಿಯ ಕೂಪದೊಳಕ್ಕೆ ಬಿತ್ತು. ಇಳಿಯಲೂ ಏರಲೂ ಗಾಳಿಯಾಡಲೂ ಇದ್ದದ್ದು ಆ ಒಂದೇ ಕೂಪ. ಅದು ಮುಚ್ಚಿಹೋಗಿ, ದಿನಗಟ್ಟಲೆ ಅಗೆದು ದಾರಿ ಬಿಡಿಸುವಷ್ಟರಲ್ಲಿ ಒಳಗಿದ್ದವರೆಲ್ಲ ವಿಷಗಾಳಿಗೆ ಬಲಿಯಾಗಿದ್ದರು. ಒಟ್ಟು 204 ಸಾವು. ಎರಡನೆಯ ಕೂಪ ತೋಡುವ ಖರ್ಚನ್ನು ಉಳಿಸದೆ ಇದ್ದಿದ್ದರೆ ಅವರಲ್ಲಿ ಹೆಚ್ಚಿನವರು ಬದುಕುತ್ತಿದ್ದರು. ಪ್ರತಿ ಗಣಿಗೂ ಎರಡು ದಾರಿ ಇರಬೇಕೆಂಬ ಕಾನೂನು ಅದೇ ವರ್ಷ ಅಂಗೀಕಾರವಾಯಿತು. ಪ್ರತಿ ಸಲವೂ ಹೀಗೆಯೇ: ಹೆಣಗಳು ಮೊದಲು ಮೇಲೆ ಬಂದವು, ಕಾನೂನು ಅವುಗಳ ಹಿಂದೆ ಬಂತು.

ಇನ್ನು 1913. ಆ ವರ್ಷ 11 ಲಕ್ಷಕ್ಕೂ ಹೆಚ್ಚು ಕಾರ್ಮಿಕರು 28.7 ಕೋಟಿ ಟನ್ ಇದ್ದಲು ತೆಗೆದರು. ಅದರ ಸುಮಾರು ಮೂರರಲ್ಲೊಂದು ಪಾಲು ಹೊರದೇಶಗಳಿಗೂ ಹಡಗುಗಳ ಒಲೆಗೂ ಹೋಯಿತು. ಅದೇ ವರ್ಷ ಅಕ್ಟೋಬರ್ 14ರಂದು ವೇಲ್ಸ್‌ನ ಸೆಂಘೆನಿತ್ ಗಣಿಯಲ್ಲಿ ನಡೆದ ಸ್ಫೋಟದಲ್ಲಿ 439 ಕಾರ್ಮಿಕರು ಸತ್ತರು. ಸುರಕ್ಷತಾ ನಿಯಮಗಳನ್ನು ಮೀರಿದ್ದಕ್ಕೆ ಅಲ್ಲಿನ ವ್ಯವಸ್ಥಾಪಕನಿಗೆ ವಿಧಿಸಿದ ದಂಡ 24 ಪೌಂಡ್.

ಇಳಿಮುಖಕ್ಕೆ ಕಾರಣಗಳು ಒಂದರ ಬೆನ್ನಿಗೊಂದು ಬಂದವು. ನೌಕಾಪಡೆ ತೈಲಕ್ಕೆ ತಿರುಗಿತು. ಮೊದಲ ಮಹಾಯುದ್ಧದ ನಂತರ ಯುರೋಪಿನ ಇತರ ಗಣಿಗಳ ಇದ್ದಲು ಮಾರುಕಟ್ಟೆಯಲ್ಲಿ ಪೈಪೋಟಿಗೆ ನಿಂತಿತು. 1925ರಲ್ಲಿ ಪೌಂಡನ್ನು ಮತ್ತೆ ಯುದ್ಧಪೂರ್ವದ ದರದಲ್ಲಿ ಚಿನ್ನಕ್ಕೆ ಕಟ್ಟಿದ್ದರಿಂದ ಬ್ರಿಟನ್ನಿನ ಸರಕು ಹೊರಗೆ ದುಬಾರಿಯಾಯಿತು. ಮಾಲೀಕರು ಆ ನಷ್ಟವನ್ನು ಕೂಲಿ ಕಡಿತದಿಂದಲೂ ದುಡಿಮೆಯ ಹೊತ್ತು ಹೆಚ್ಚಿಸುವುದರಿಂದಲೂ ತುಂಬಿಕೊಳ್ಳಲು ಹೊರಟಾಗ 1926ರ ಮೇ ತಿಂಗಳಲ್ಲಿ ಸಾರ್ವತ್ರಿಕ ಮುಷ್ಕರ ಎದ್ದಿತು. ಉಳಿದ ಕಾರ್ಮಿಕರು ಒಂಬತ್ತು ದಿನಕ್ಕೆ ಹಿಂದಿರುಗಿದರು. ಗಣಿಯವರು ಚಳಿಗಾಲದ ಹೊಸ್ತಿಲವರೆಗೂ ಹಸಿದು ನಿಂತು ಸೋತರು.

ಇಷ್ಟಾದರೂ ಆ ಹಳ್ಳಿಗಳು ಬರೀ ದುಃಖದ ಗೂಡುಗಳಾಗಿರಲಿಲ್ಲ. ವೇಲ್ಸ್‌ನ ಕಣಿವೆಗಳಲ್ಲಿ ಕಾರ್ಮಿಕರು ತಮ್ಮ ಕೂಲಿಯಿಂದ ಬಿಡಿಗಾಸು ಮುರಿದುಕೊಟ್ಟು ಗ್ರಂಥಾಲಯಗಳನ್ನೂ ಸಭಾಭವನಗಳನ್ನೂ ಕಟ್ಟಿಕೊಂಡರು. ಟ್ರೆಡೀಗರ್ ಪಟ್ಟಣದಲ್ಲಿ ಇದೇ ರೀತಿ ವಂತಿಗೆ ಕೂಡಿಸಿ ವೈದ್ಯಕೀಯ ನೆರವಿನ ಸಂಘವೊಂದನ್ನು ನಡೆಸುತ್ತಿದ್ದರು. ಆ ಊರಿನಲ್ಲಿ ಹದಿಮೂರರ ವಯಸ್ಸಿಗೆ ಗಣಿಗಿಳಿದಿದ್ದ ಅನೈರಿನ್ ಬೆವನ್, 1948ರಲ್ಲಿ ಆರೋಗ್ಯ ಸಚಿವನಾಗಿ ಇಡೀ ದೇಶಕ್ಕೆ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಕೊಟ್ಟಾಗ ಆ ಸಂಘವೇ ಅವನ ಕಣ್ಣಮುಂದಿನ ಮಾದರಿಯಾಗಿತ್ತು. ಕಲ್ಲಿದ್ದಲಿನ ಚರಿತ್ರೆಯಲ್ಲಿ ನಾನು ಅತ್ಯಂತ ಗೌರವದಿಂದ ಕಾಣುವ ಪುಟ ಇದು.

1947ರ ಜನವರಿ 1ರಂದು ಗಣಿಗಳು ರಾಷ್ಟ್ರದ ಸೊತ್ತಾದವು. ಆದರೆ ಮಾಲೀಕತ್ವ ಬದಲಾದ ಮಾತ್ರಕ್ಕೆ ಎಚ್ಚರಗೇಡಿತನ ಹೋಗಲಿಲ್ಲ: 1966ರ ಅಕ್ಟೋಬರ್ 21ರಂದು ಅಬರ್‌ವ್ಯಾನ್‌ನಲ್ಲಿ ಗಣಿತ್ಯಾಜ್ಯದ ಗುಡ್ಡ ಜಾರಿ ಶಾಲೆಯ ಮೇಲೆ ಬಿದ್ದು 144 ಜನ ಸತ್ತರು, ಅವರಲ್ಲಿ 116 ಮಂದಿ ಮಕ್ಕಳು. ವಿಚಾರಣಾ ಮಂಡಳಿ ಹೊಣೆಯನ್ನು ಸರ್ಕಾರಿ ಕಲ್ಲಿದ್ದಲು ಮಂಡಳಿಯ ಮೇಲೆಯೇ ಹೊರಿಸಿತು. ಅಷ್ಟಾಗಿಯೂ ಉಳಿದ ಗುಡ್ಡಗಳನ್ನು ತೆಗೆಸಲು ಸಂತ್ರಸ್ತರ ನಿಧಿಯಿಂದಲೇ 1,50,000 ಪೌಂಡ್ ಕಿತ್ತುಕೊಳ್ಳಲಾಯಿತು. ಆ ಮೊತ್ತ ಹಿಂದಿರುಗಿದ್ದು 1997ರಲ್ಲಿ, ಅದೂ ಬಡ್ಡಿಯಿಲ್ಲದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. 1957ರಲ್ಲಿ ಗಣಿಗಳಲ್ಲಿ ಸುಮಾರು 7 ಲಕ್ಷ ಜನ ಇದ್ದರು. 1970ರ ದಶಕದ ಆರಂಭದ ಹೊತ್ತಿಗೆ 3 ಲಕ್ಷದಷ್ಟೂ ಉಳಿದಿರಲಿಲ್ಲ. ಡೀಸೆಲ್ ರೈಲು, ತೈಲ, ಉತ್ತರ ಸಮುದ್ರದ ಅನಿಲ ಮತ್ತು 1952ರ ಲಂಡನ್ನಿನ ಹೊಗೆಮಂಜಿನ ನಂತರ ಬಂದ ಶುದ್ಧಗಾಳಿ ಕಾನೂನು ಇವೆಲ್ಲ ಸೇರಿ ನೂರಾರು ಗಣಿಗಳನ್ನು ಮುಚ್ಚಿಸಿದವು. ಮುಚ್ಚಿದ ಗಣಿಗಳ ಸಂಖ್ಯೆ ಥ್ಯಾಚರ್ ಕಾಲಕ್ಕಿಂತ ಆಗಲೇ ಹೆಚ್ಚು. ಆದರೆ ಆಗ ಹೊರಬಂದವನಿಗೆ ಪಕ್ಕದ ಗಣಿಯಲ್ಲೋ ಹೊಸ ಕಾರ್ಖಾನೆಯಲ್ಲೋ ಕೆಲಸ ಸಿಗುತ್ತಿತ್ತು. 1980ರ ದಶಕದಲ್ಲಿ ದೇಶದ ನಿರುದ್ಯೋಗಿಗಳೇ 30 ಲಕ್ಷ ದಾಟಿದ್ದರು. ಗಣಿಯೊಂದರ ಸುತ್ತಲೇ ಹುಟ್ಟಿ ಬೆಳೆದ ಹಳ್ಳಿಗಳಲ್ಲಿ ಬೇರೆ ದುಡಿಮೆಯೇ ಇರಲಿಲ್ಲ. ಹಾಗಾಗಿ 1984ರ ಮಾರ್ಚ್‌ನಿಂದ ಒಂದು ವರ್ಷ ಅವರು ಹಟ ಹಿಡಿದದ್ದು ಕೂಲಿಗಾಗಿ ಅಲ್ಲ, ಊರು ಉಳಿಸಿಕೊಳ್ಳಲು. ರಾಷ್ಟ್ರವ್ಯಾಪಿ ಮತದಾನ ನಡೆಸದೆ ಮುಷ್ಕರಕ್ಕಿಳಿದದ್ದು ಸ್ಕಾರ್ಗಿಲ್ ಮಾಡಿದ ದೊಡ್ಡ ತಪ್ಪೆಂದೇ ನನ್ನ ಅಭಿಪ್ರಾಯ. ನಾಟಿಂಗಮ್‌ಶೈರ್‌ನ ಬಹುಪಾಲು ಕಾರ್ಮಿಕರು ಕೆಲಸ ಬಿಡಲಿಲ್ಲ, ಒಡಹುಟ್ಟಿದವರ ನಡುವೆಯೇ ಮಾತು ನಿಂತಿತು. ಆದರೆ ಊರುಗಳಿಗೆ ಬೇರೆ ಜೀವನೋಪಾಯ ಕಲ್ಪಿಸುವ ಮೊದಲೇ ಗಣಿಗಳನ್ನು ಮುಚ್ಚುತ್ತ ಹೋದ ಸರ್ಕಾರದ ತಪ್ಪು ಅದಕ್ಕಿಂತಲೂ ದೊಡ್ಡದು.

ಮುಂದಿನದು ಬೇಗ ಮುಗಿಯಿತು. 1994ರಲ್ಲಿ ಖಾಸಗೀಕರಣವಾಯಿತು. 2015ರ ಡಿಸೆಂಬರ್‌ನಲ್ಲಿ ಕೊನೆಯ ಆಳಗಣಿಯಾದ ಕೆಲ್ಲಿಂಗ್ಲಿ ಮುಚ್ಚಿತು. 2024ರ ಸೆಪ್ಟೆಂಬರ್ 30ರಂದು ರ‍್ಯಾಟ್‌ಕ್ಲಿಫ್‌ನ ವಿದ್ಯುತ್ ಸ್ಥಾವರ ನಿಂತಾಗ ದೇಶದಲ್ಲಿ ಇದ್ದಲಿನಿಂದ ವಿದ್ಯುತ್ ತಯಾರಿಸುವುದೇ ಕೊನೆಗೊಂಡಿತು. ಇದ್ದಲಿನ ದೂಳು ಕಾರ್ಮಿಕರ ಶ್ವಾಸಕೋಶವನ್ನು ಕೆಡಿಸಿದ್ದಕ್ಕೆ ಸರ್ಕಾರಿ ಕಲ್ಲಿದ್ದಲು ಮಂಡಳಿಯ ನಿರ್ಲಕ್ಷ್ಯವೇ ಕಾರಣವೆಂದು 1998ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಾಗ, ಪರಿಹಾರ ಕೋರಿ 5 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಅವುಗಳಲ್ಲಿ ಎಷ್ಟೋ ಅರ್ಜಿಗಳಿಗೆ ಸಹಿ ಹಾಕಿದವರು ವಿಧವೆಯರು.