ಇಲಿಯ ರಕ್ತದಲ್ಲಿ ಏರಿದ ಪ್ರೋಟೀನು ಯಾವುದರ ಗುರುತು?

ಎಲ್ಲರಿಗೂ ನಮಸ್ಕಾರ. ಕಾರವಾರದ ಈ ಸಭೆಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿದ್ದೀರಿ, ಬಯೋಟೆಕ್ ಓದುವವರಿದ್ದೀರಿ, ಲ್ಯಾಬ್ ಟೆಕ್ನೀಷಿಯನ್ನರೂ ಇದ್ದೀರಿ. ಹಾಗಾಗಿ ಮಲ್ಟಿಪಲ್ ಸ್ಕ್ಲೀರೋಸಿಸ್ (ಎಂಎಸ್) ಬಗ್ಗೆ ಎರಡೇ ಮಾತು. ನರತಂತುಗಳ ಹೊದಿಕೆಯಾದ ಮೈಲಿನ್ ಮೇಲೆ ದೇಹದ ರೋಗನಿರೋಧಕ ಕಣಗಳೇ ಎರಗುತ್ತವೆ. ಹೊದಿಕೆ ಕಳಚಿದ ತಂತು ಕ್ರಮೇಣ ಹಾಳಾಗುತ್ತದೆ. ಇಂಥದ್ದೇ ಸ್ಥಿತಿಯನ್ನು ಇಲಿಗಳಲ್ಲಿ ತರಿಸಿ, ರಕ್ತದಲ್ಲಿ ಯಾವ ಪ್ರೋಟೀನು ಏರಿತು ಎಂದು ನೋಡುತ್ತಾರೆ. ಪ್ರೋಟೀನು ಏರುವುದೇನೋ ಸುಲಭ. ಯಾತಕ್ಕೆ ಏರಿತು ಎನ್ನುವುದೇ ತಕರಾರು.

ಸಿದ್ದಾಪುರದ ಕಡೆ ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಆರೋಗ್ಯ ಇಲಾಖೆಯವರು ಎಚ್ಚರಾಗುತ್ತಾರೆ. ಹಾಗಂತ ಸತ್ತ ಮಂಗಗಳೆಲ್ಲ ಮಂಗನ ಕಾಯಿಲೆಯಿಂದಲೇ ಸತ್ತವಲ್ಲ, ಪರೀಕ್ಷೆ ಆಗಲೇಬೇಕು. ಬಯೋಮಾರ್ಕರ್, ಅಂದರೆ ರೋಗದ ಗುರುತೆಂದು ಅಳೆಯುವ ಪ್ರೋಟೀನಿನಂಥ ವಸ್ತು, ಅದರ ಕಥೆಯೂ ಅಷ್ಟೇ.

ಇಲಿಗಳಲ್ಲಿ ಎಂಎಸ್ ಹೋಲುವ ಸ್ಥಿತಿ ತರಿಸಲು ಹೆಚ್ಚು ಬಳಕೆಯಲ್ಲಿರುವ ಮಾದರಿ ಇಎಇ, ಅಂದರೆ ಪ್ರಯೋಗಕ್ಕಾಗಿ ತರಿಸಿದ ಸ್ವಯಂನಿರೋಧಕ ಮಿದುಳು-ಬೆನ್ನುಹುರಿಯ ಉರಿಯೂತ. ಸಿ57ಬಿಎಲ್/6 ತಳಿಯ, 8ರಿಂದ 12 ವಾರದ ಹೆಣ್ಣಿಲಿ. ಮೈಲಿನ್‌ನ ಎಂಒಜಿ ಪ್ರೋಟೀನಿನ ತುಣುಕಾದ ಎಂಒಜಿ 35-55 ಪೆಪ್ಟೈಡ್ ಸುಮಾರು 200 ಮೈಕ್ರೋಗ್ರಾಂ. ಅದನ್ನು ಸತ್ತ ಕ್ಷಯರೋಗಾಣು ಸೇರಿಸಿದ, ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಫ್ರಾಯಿಂಡ್ ಅಡ್ಜುವಂಟ್ ಎಣ್ಣೆಯಲ್ಲಿ ಎಮಲ್ಷನ್ ಮಾಡಿ ಚರ್ಮದಡಿ ಕೊಡುತ್ತಾರೆ. ಅದೇ ದಿನ ಮತ್ತು ಎರಡು ದಿನ ಬಿಟ್ಟು ಪರ್ಟುಸಿಸ್ ಟಾಕ್ಸಿನ್ (ನಾಯಿಕೆಮ್ಮಿನ ರೋಗಾಣುವಿನ ವಿಷ), 200ರಿಂದ 400 ನ್ಯಾನೋಗ್ರಾಂ. ಎಮಲ್ಷನ್ ಸರಿ ಕೂಡಿದೆಯೇ ಎಂದು ತಿಳಿಯಲು ಒಂದು ಹನಿ ನೀರಿಗೆ ಬಿಡಿ. ಹರಡದೆ ಉಂಡೆಯಾಗಿಯೇ ನಿಂತರೆ ಸರಿ. ಹರಡಿತೆಂದರೆ ಆ ಬ್ಯಾಚಿನ ಅರ್ಧ ಇಲಿಗಳಿಗೆ ರೋಗವೇ ಬಾರದೆ ಹೋಗಬಹುದು. ನಮ್ಮ ಕರಾವಳಿಯ ತೇವದಲ್ಲಿ ಇನ್ನೊಂದು ಎಚ್ಚರ: ಫ್ರೀಜರಿನಿಂದ ತೆಗೆದ ಪೆಪ್ಟೈಡ್ ಪುಡಿಯ ಶೀಶೆಯನ್ನು ತೇವ ಹೀರುವ ಡೆಸಿಕೇಟರ್ ಪಾತ್ರೆಯಲ್ಲಿಟ್ಟು ಕೋಣೆಯ ಬಿಸಿಗೆ ಬಂದ ಮೇಲೇ ತೆರೆಯಬೇಕು. ತಣ್ಣಗಿದ್ದಾಗ ತೆರೆದರೆ ಒಳಗೆ ಬೆವರಿ ಪುಡಿ ನೀರೆಳೆಯುತ್ತದೆ, ತೂಕವೂ ಸುಳ್ಳಾಗುತ್ತದೆ.

ಹತ್ತು-ಹದಿನಾಲ್ಕು ದಿನಕ್ಕೆ ಬಾಲ ಜೋತುಬೀಳುತ್ತದೆ. ಅದು ಸ್ಕೋರ್ 1. ಹಿಂಗಾಲು ಬಲ ಕಳೆದುಕೊಂಡರೆ 2, ಹಿಂಗಾಲು ಪೂರ್ತಿ ಸ್ವಾಧೀನ ತಪ್ಪಿದರೆ 3.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಮೇಲೆ ಹೇಳಿದ ಮೂರು ವಸ್ತುಗಳಲ್ಲಿ ಮೈಲಿನ್‌ಗೆ ಸಂಬಂಧಪಟ್ಟದ್ದು ಪೆಪ್ಟೈಡ್ ಒಂದೇ. ಅಡ್ಜುವಂಟೂ ಟಾಕ್ಸಿನ್ನೂ ಸೇರಿಕೊಂಡೇ ಯಕೃತ್ತನ್ನು ಕೆಣಕಿ ಉರಿಯೂತದಲ್ಲಿ ಏರುವ ಪ್ರೋಟೀನುಗಳಾದ ಸೀರಮ್ ಅಮಿಲಾಯ್ಡ್ ಎ, ಹ್ಯಾಪ್ಟೊಗ್ಲೋಬಿನ್‌ನಂಥವನ್ನು ಮೇಲಕ್ಕೇರಿಸುತ್ತವೆ. ಬರೀ ಸಲೈನ್ ಕೊಟ್ಟ ಇಲಿಯ ಜೊತೆ ಹೋಲಿಸಿದರೆ ಇವೆಲ್ಲ 'ರೋಗದ ಗುರುತು' ಎಂದು ಪಟ್ಟಿ ಸೇರುತ್ತವೆ. ಕಂಟ್ರೋಲ್ ಗುಂಪಿಗೆ ಪೆಪ್ಟೈಡ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗಬೇಕು. ಇದಿಲ್ಲದ ಪ್ರೋಟೀನ್ ಪಟ್ಟಿಗಳನ್ನು ನಾನು ಪಕ್ಕಕ್ಕಿಡುತ್ತೇನೆ.

ಇನ್ನೊಂದು ಜರಡಿ ಕ್ಯುಪ್ರಿಝೋನ್ ಎಂಬ ರಾಸಾಯನಿಕದ ಮಾದರಿ. ಆಹಾರದಲ್ಲಿ 0.2 ಪ್ರತಿಶತ ಬೆರೆಸಿ ಐದಾರು ವಾರ ಕೊಟ್ಟರೆ ಮಿದುಳಿನ ಎರಡು ಅರ್ಧಗಳನ್ನು ಬೆಸೆಯುವ ಕಾರ್ಪಸ್ ಕಲೋಸಮ್‌ನಲ್ಲಿ ಮೈಲಿನ್ ಕಳಚುತ್ತದೆ; ರೋಗನಿರೋಧಕ ಟಿ ಕಣಗಳ ಹಾವಳಿ ಹೆಚ್ಚೇನೂ ಇರುವುದಿಲ್ಲ. ಎರಡೂ ಮಾದರಿಗಳಲ್ಲಿ ಏರುವ ಪ್ರೋಟೀನು ಮೈಲಿನ್ ಅಥವಾ ಗ್ಲಿಯಾ (ನರಕೋಶಗಳಿಗೆ ಆಸರೆಯಾದ ಕಣಗಳು) ಕಡೆಯದ್ದಿರಬಹುದು. ಇಎಇಯಲ್ಲಿ ಮಾತ್ರ ಏರಿದರೆ ಉರಿಯೂತದ್ದೇ ಎಂಬ ಅನುಮಾನ ಇಟ್ಟುಕೊಳ್ಳಿ. ಕ್ಯುಪ್ರಿಝೋನ್ ಇಲಿಗಳು ಊಟ ಬಿಟ್ಟು ಬಡವಾಗುತ್ತವೆ, ತೂಕ ಬರೆದಿಡಲೇಬೇಕು.

ಇಲ್ಲಿಯವರೆಗೆ ಭರವಸೆ ಉಳಿಸಿಕೊಂಡದ್ದು ನ್ಯೂರೋಫಿಲಮೆಂಟ್ ಲೈಟ್. ನರತಂತುವಿನ ಒಳಗಿನ ಹಂದರದ ಪ್ರೋಟೀನು ಅದು. ತಂತು ಒಡೆದರೆ ಮಿದುಳಿನ ದ್ರವಕ್ಕೆ, ಅಲ್ಲಿಂದ ಅತಿ ಸ್ವಲ್ಪ ರಕ್ತಕ್ಕೆ ಬರುತ್ತದೆ. ಆ ಸ್ವಲ್ಪವನ್ನು ಹಿಡಿಯಲು ಪ್ರೋಟೀನು ಅಳೆಯುವ ಮಾಮೂಲಿ ಎಲೈಸಾ ಪರೀಕ್ಷೆ ಸಾಲದು, ಸಿಮೋವಾದಂಥ ಸೂಕ್ಷ್ಮ ವಿಧಾನ ಬೇಕು. ಆದರೆ ಅದು ಎಂಎಸ್‌ನದ್ದೇ ಸ್ವಂತ ಗುರುತಲ್ಲ. ಸ್ಟ್ರೋಕ್ ಆದರೂ, ತಲೆಗೆ ಪೆಟ್ಟು ಬಿದ್ದರೂ ಏರುತ್ತದೆ. ಏರಿದ್ದು ಬೇಗ ಇಳಿಯುವುದೂ ಇಲ್ಲ. ಇಲಿ ಚೇತರಿಸಿಕೊಂಡ ಮೇಲೂ ರಕ್ತದಲ್ಲಿ ಉಳಿದಿರಬಹುದು. ಆದ್ದರಿಂದ ದಿನವನ್ನು ಇಂಜೆಕ್ಷನ್‌ನಿಂದಲ್ಲ, ಆಯಾ ಇಲಿಗೆ ಬಾಲ ಜೋತ ದಿನದಿಂದ ಎಣಿಸಿ. ಒಂದು ಇಲಿಗೆ 10ನೇ ದಿನ, ಇನ್ನೊಂದಕ್ಕೆ 14ನೇ ದಿನ ರೋಗ ಬಂದಿರುವಾಗ ಎರಡರಿಂದಲೂ 15ಕ್ಕೆ ರಕ್ತ ತೆಗೆದು ಸರಾಸರಿ ಹಾಕಿದರೆ ಏನೂ ಹೇಳಿದಂತಾಗುವುದಿಲ್ಲ.

ರಕ್ತ ಎಷ್ಟು ತೆಗೆಯಬಹುದು? 20 ಗ್ರಾಂ ಇಲಿಯಲ್ಲಿ ಇರುವುದೇ ಸುಮಾರು ಒಂದೂವರೆ ಮಿಲಿಲೀಟರ್. ಎರಡು ವಾರಕ್ಕೆ ಅದರ ಹತ್ತನೇ ಒಂದು ಪಾಲು, ಅಂದರೆ 150 ಮೈಕ್ರೋಲೀಟರ್ ಒಳಗೆ ಮುಗಿಸಬೇಕು. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಗೆ ಇದನ್ನು ಮೊದಲೇ ಬರೆದುಕೊಡಬೇಕು. ಅರ್ಧಗಂಟೆ ಹೆಪ್ಪುಗಟ್ಟಲು ಬಿಟ್ಟು, 2000 ಜಿಯಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ಸೀರಮ್ಮನ್ನು 20-30 ಮೈಕ್ರೋಲೀಟರಿನ ಸಣ್ಣ ಟ್ಯೂಬುಗಳಿಗೆ ಹಂಚಿ ಮೈನಸ್ 80ಕ್ಕೆ ಹಾಕಿ. ಕೆಂಪಾಗಿದ್ದರೆ ರಕ್ತಕಣ ಒಡೆದಿದೆ ಎಂದರ್ಥ. ಗುರುತು ಹಾಕಿಡಿ, ಮುಚ್ಚಿಡಬೇಡಿ. ಮಿದುಳಿನ ದ್ರವವಂತೂ ಒಂದು ಇಲಿಗೆ ಐದು-ಹತ್ತು ಮೈಕ್ರೋಲೀಟರ್ ಸಿಕ್ಕರೆ ಹೆಚ್ಚು. ಪ್ಲಾಸ್ಮಾದಲ್ಲಿ ಪ್ರೋಟೀನು ಅದರ ನೂರು ಪಟ್ಟಿಗೂ ಮಿಕ್ಕಿ ಇರುವುದರಿಂದ ರಕ್ತದ ಸಣ್ಣ ಛಾಯೆ ಕಂಡರೂ ಆ ಮಾದರಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇಲಿಯಲ್ಲಿ ಸರಿಹೋದದ್ದು ಮನುಷ್ಯನಲ್ಲಿ ತಲೆಕೆಳಗಾದ ಉದಾಹರಣೆಯೂ ಇದೆ. ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನನ್ನು ತಡೆದರೆ ಇಎಇ ಕಡಿಮೆಯಾಗುತ್ತಿತ್ತು. ಅದೇ ಆಧಾರದ ಲೆನೆರ್ಸೆಪ್ಟ್ ಎಂಬ ಔಷಧ ಎಂಎಸ್ ರೋಗಿಗಳಲ್ಲಿ ರೋಗದ ಮರುಕಳಿಕೆಯನ್ನು ಹೆಚ್ಚಿಸಿತು. ಆ ಪ್ರಯೋಗದ ವರದಿ ಬಂದದ್ದು 1999ರಲ್ಲಿ.

ಕೊನೆಗೆ ಸಾಗಾಟ. ಇಲ್ಲಿಂದ ಮಾದರಿ ಬೆಂಗಳೂರಿಗೆ ಹೋಗಬೇಕೆಂದರೆ ಘಟ್ಟ ಹತ್ತಬೇಕು. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆದದ್ದು ನಿಮಗೆ ಗೊತ್ತೇ ಇದೆ. ಮಳೆಗಾಲದಲ್ಲಿ ಡ್ರೈ ಐಸನ್ನು ಪ್ರಯಾಣದ ಗಂಟೆಗಷ್ಟೇ ಅಲ್ಲ, ಎರಡು ದಿನ ಹೆಚ್ಚಿಗೆ ಲೆಕ್ಕ ಹಾಕಿ ತುಂಬಿ. ಟ್ಯೂಬಿನ ಮುಚ್ಚಳ ಬಿಗಿಯಾಗಿರಲಿ. ಸಡಿಲವಿದ್ದರೆ ಇಂಗಾಲದ ಡೈಆಕ್ಸೈಡ್ ಒಳಹೊಕ್ಕು ಮಾದರಿ ಆಮ್ಲೀಯವಾಗುತ್ತದೆ. ಪ್ರತಿ ಇಲಿಯ ಒಂದು ಟ್ಯೂಬನ್ನಾದರೂ ಇಲ್ಲಿಯ ಫ್ರೀಜರಿನಲ್ಲೇ ಉಳಿಸಿಕೊಳ್ಳಿ. ಅಳೆಯುವವರಿಗೆ ಗುಂಪಿನ ಹೆಸರು ಬರೆಯದೆ ಬರೀ ಸಂಖ್ಯೆ ಕೊಡಿ, ರೋಗದ ಇಲಿ ಮತ್ತು ಕಂಟ್ರೋಲ್ ಇಲಿಗಳನ್ನು ಒಂದೇ ಪ್ಲೇಟಿನಲ್ಲಿ ಬೆರೆಸಿ ಇಡಲು ಹೇಳಿ.