ಕಣ್ಣು ತೆರೆದೇ ಗುರುತು ಹಾಕಿ, ರೆಪ್ಪೆ ಎಳೆಯಬೇಡಿ

ನಮಸ್ಕಾರ. ಮುಂಬೈಯ ಮಾಟುಂಗದ ನನ್ನ ಮನೆಯ ಪೂರ್ವದ ಕಿಟಕಿಯ ಬಳಿ ಕುಳಿತು ಈ ಸಂಚಿಕೆಯನ್ನು ಮಾಡುತ್ತಿದ್ದೇನೆ, ಏಕೆಂದರೆ ಇಂದಿನ ಮಾತಿಗೆ ಹಗಲಿನ ಬೆಳಕು ಬೇಕು. ಐವತ್ತು ದಾಟಿದವರು ಕಣ್ಣಿಗೆ ಬಣ್ಣ ಹಚ್ಚುವಾಗ ಕಣ್ಣನ್ನು ತೆರೆದಿಟ್ಟುಕೊಂಡು, ಕನ್ನಡಿಯನ್ನು ನೇರವಾಗಿ ನೋಡುತ್ತ, ಗೆರೆ ಎಲ್ಲಿ ಬರಬೇಕೆಂದು ಮೊದಲು ಗುರುತು ಮಾಡಿಕೊಳ್ಳಬೇಕು ಎಂದು ಕಳೆದ ವಾರ ಹೇಳಿದ್ದೆ. ಅದಕ್ಕೆ ಪುಣೆಯಿಂದ ಒಬ್ಬರು ಉತ್ತರ ಬರೆದಿದ್ದಾರೆ. ರೆಪ್ಪೆಯನ್ನು ಬೆರಳಿನಿಂದ ಎಳೆದು ಹಿಡಿದರೆ ಮಾತ್ರ ಗೆರೆ ನೇರವಾಗಿ ಬರುತ್ತದೆ, ಎಲ್ಲ ಪಾರ್ಲರುಗಳಲ್ಲಿಯೂ ಹಾಗೆಯೇ ಮಾಡುತ್ತಾರೆ, ನಿಮ್ಮ ಕ್ರಮ ಹಳೆಯ ಕಾಲದ್ದು ಎಂಬುದು ಅವರ ಮಾತು. ಆ ಮಾತಿಗೆ 42 ಮಂದಿ ಮೆಚ್ಚುಗೆ ಒತ್ತಿದ್ದಾರೆ. ಒಬ್ಬರ ಅಭಿಪ್ರಾಯವೆಂದು ಸುಮ್ಮನಿರಬಹುದಿತ್ತು. ಆದರೆ 42 ಮಂದಿ ನಾಳೆ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ತಮ್ಮ ರೆಪ್ಪೆಯನ್ನು ಕಿವಿಯ ಕಡೆಗೆ ಎಳೆಯುತ್ತಾರೆಂದು ನೆನೆದಾಗ ನನಗೆ ಸುಮ್ಮನಿರಲು ಆಗಲಿಲ್ಲ.

ಎಳೆದು ಹಚ್ಚಿದರೆ ಏನಾಗುತ್ತದೆ ಎಂಬುದನ್ನು ಕಳೆದ ತಿಂಗಳು ಕಣ್ಣಾರೆ ಕಂಡೆ. ಇಲ್ಲಿಯೇ ಮಾಟುಂಗದಲ್ಲಿ ಪರಿಚಿತರ ಮೊಮ್ಮಗನ ಉಪನಯನವಿತ್ತು. ವಟುವಿನ ಅಜ್ಜಿಗೆ 67 ವರ್ಷ. ಮೆಜೆಂಟಾ ಅಂಚಿನ ಇಳಕಲ್ ಸೀರೆ ಉಟ್ಟು, ಮುಡಿಗೆ ಮಲ್ಲಿಗೆ ಮುಡಿದು, ಲಕ್ಷಣವಾಗಿದ್ದರು. ಮನೆಯವರು ಕರೆಸಿದ್ದ ಅಲಂಕಾರದ ಹುಡುಗಿ ಅವರ ಎಡಗಣ್ಣನ್ನು ಮುಚ್ಚಿಸಿ, ಹೆಬ್ಬೆರಳಿನಿಂದ ಚರ್ಮವನ್ನು ಕಪೋಲದತ್ತ ಬಿಗಿದು ಹಿಡಿದು, ದ್ರವರೂಪದ ಐಲೈನರಿನಿಂದ ರೆಕ್ಕೆಯಂತಹ ಗೆರೆಯನ್ನು ಒಂದೇ ಎಳೆತದಲ್ಲಿ ಬರೆದಳು. ಬರೆಯುವಾಗ ಅದು ಅಂದವಾಗಿಯೇ ಕಂಡಿತು. ಬೆರಳು ಬಿಟ್ಟ ಕ್ಷಣ ಚರ್ಮ ತನ್ನ ಜಾಗಕ್ಕೆ ಮರಳಿತು, ಗೆರೆ ಮೂರು ಕಡೆ ಮುರಿಯಿತು, ತುದಿಯ ರೆಕ್ಕೆ ಜೋತ ಚರ್ಮದ ಮಡಿಕೆಯೊಳಗೆ ಸಿಕ್ಕಿಕೊಂಡಿತು. ಅಂಗಳದ ರಂಗೋಲಿಯ ಮೇಲೆ ಯಾರೋ ಕಾಲಿಟ್ಟು ಹೋದಂತಿತ್ತು. ಮಾತೃಭೋಜನದ ಹೊತ್ತಿಗೆ ಮೇಲಿನ ಮಡಿಕೆಯಲ್ಲೆಲ್ಲ ಕಪ್ಪು ಅಚ್ಚೊತ್ತಿತ್ತು. ಆ ತಾಯಿ, ‘ನನ್ನ ಕಣ್ಣೇ ಸರಿಯಿಲ್ಲ ಬಿಡಮ್ಮ, ಇನ್ನು ಈ ಕಣ್ಣಿಗೆ ಏನು ಹಚ್ಚಿದರೂ ಅಷ್ಟೇ’ ಎಂದರು. ನನಗೆ ಸಿಟ್ಟು ಬಂದದ್ದು ಆ ಮಾತಿಗೆ. ಅವರ ಕಣ್ಣು ಸರಿಯಾಗಿಯೇ ಇತ್ತು, ಹಚ್ಚಿದ ಕ್ರಮ ತಪ್ಪಾಗಿತ್ತು.

ಕಣ್ಣಿನ ಸುತ್ತಲಿನ ಚರ್ಮದ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಡೀ ದೇಹದಲ್ಲಿ ಅತ್ಯಂತ ತೆಳುವಾದ ಚರ್ಮವಿರುವುದು ರೆಪ್ಪೆಯ ಮೇಲೆ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ವಯಸ್ಸಾದಂತೆ ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ಮತ್ತು ಹಿಗ್ಗಿ ಕುಗ್ಗುವ ಗುಣ ಕೊಡುವ ಎಲಾಸ್ಟಿನ್ ಎರಡೂ ಕಡಿಮೆಯಾಗುತ್ತವೆ. ಋತುಬಂಧದ ನಂತರದ ಮೊದಲ 5 ವರ್ಷಗಳಲ್ಲಿ ಕೊಲಾಜೆನ್ ಶೇಕಡಾ 30ರವರೆಗೆ ಇಳಿಯಬಹುದು. ಹುಬ್ಬು ಸ್ವಲ್ಪ ಕೆಳಗೆ ಸರಿಯುತ್ತದೆ, ಹುಬ್ಬಿನ ಕೆಳಗಿನ ಚರ್ಮ ಮಡಿಕೆಯಾಗಿ ರೆಪ್ಪೆಯ ಮೇಲೆ ಬಾಗುತ್ತದೆ. ಕಣ್ಣು ಮುಚ್ಚಿದಾಗ ಅಗಲವಾಗಿ ಕಾಣುವ ರೆಪ್ಪೆ, ಕಣ್ಣು ತೆರೆದಾಗ ಎರಡು ಮೂರು ಮಿಲಿಮೀಟರ್ ಮಾತ್ರ ಉಳಿಯುತ್ತದೆ, ಕೆಲವರಿಗೆ ಅಷ್ಟೂ ಉಳಿಯುವುದಿಲ್ಲ. ಜನ ನಿಮ್ಮನ್ನು ಕಣ್ಣು ತೆರೆದಿದ್ದಾಗ ನೋಡುತ್ತಾರೆ. ಹಾಗಿರುವಾಗ ಮುಚ್ಚಿದ ಕಣ್ಣಿನ ಮೇಲೆ, ಅದೂ ಎಳೆದು ಹಿಡಿದ ಚರ್ಮದ ಮೇಲೆ ಬರೆದ ಗೆರೆ ಯಾರಿಗಾಗಿ?

ಉಪನಯನದ ದಿನ ನಾನು ಮಾಡಿದ್ದು ಇಷ್ಟು. ಹತ್ತಿಯ ಕಡ್ಡಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಮುಟ್ಟಿಸಿ, ಉಜ್ಜದೆ, ಕೆಟ್ಟ ಗೆರೆಯನ್ನು ಕರಗಿಸಿ ತೆಗೆದೆ. ಎಣ್ಣೆಯ ಜಿಡ್ಡನ್ನು ಒದ್ದೆ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಲು ಬಿಟ್ಟೆ. ಅವರನ್ನು ಬಾಗಿಲ ಬೆಳಕಿಗೆ ಕೂರಿಸಿ, ನನ್ನ ಹಣೆಯನ್ನು ನೋಡಿ ಎಂದೆ. ಕಣ್ಣು ತೆರೆದೇ ಇತ್ತು. ಕಡು ಕಂದು ಬಣ್ಣದ ಮೆತ್ತನೆಯ ಪೆನ್ಸಿಲಿನಿಂದ, ರೆಪ್ಪೆಗೂದಲಿನ ಬುಡದಲ್ಲಿ ಮೂರು ಚುಕ್ಕೆ ಇಟ್ಟೆ: ಒಂದು ಕಣ್ಣಿನ ನಡುವೆ, ಒಂದು ಹೊರಗಿನ ಮೂಲೆಗಿಂತ ಒಂದು ಅಕ್ಕಿಕಾಳಿನಷ್ಟು ಒಳಗೆ, ಒಂದು ಅವೆರಡರ ಮಧ್ಯೆ. ಆಮೇಲೆ ಗದ್ದ ಎತ್ತಿ ಕೆಳಗೆ ನೋಡಲು ಹೇಳಿದೆ. ಹಾಗೆ ನೋಡಿದಾಗ ರೆಪ್ಪೆ ತಾನಾಗಿ ನಯವಾಗಿ ಇಳಿಯುತ್ತದೆ, ಎಳೆಯುವ ಅಗತ್ಯವೇ ಬೀಳುವುದಿಲ್ಲ. ಚುಕ್ಕೆಯಿಂದ ಚುಕ್ಕೆಗೆ ಸಣ್ಣ ಸಣ್ಣ ಗೀಟುಗಳಲ್ಲಿ ಕೂಡಿಸಿದೆ. ಗೆರೆ ಕೆಳಗೆ ಬಾಗುವ ಮೊದಲೇ, ಹೊರಗಿನ ಚುಕ್ಕೆಯಿಂದ ಒಂದು ಕೂದಲೆಳೆಯಷ್ಟು ಮೇಲಕ್ಕೆ ತಿರುಗಿಸಿ ನಿಲ್ಲಿಸಿದೆ. ಕಣ್ಣು ತೆರೆದಾಗ ಆ ಮುಖಕ್ಕೆ ಕಳೆ ಬಂದಿತ್ತು. ಆಮೇಲೆ ಅವರು ಎಲ್ಲ ಫೋಟೋಗಳಲ್ಲಿಯೂ ಮುಂದೆ ನಿಂತರು.

ಇದನ್ನು ಹಳೆಯ ಕಾಲದ ಕ್ರಮವೆಂದು ಕರೆದವರಿಗೆ ನಾನು ಹೌದೆನ್ನುತ್ತೇನೆ. ಕರಾವಳಿಯಿಂದ ಮುಂಬೈಗೆ ಯಕ್ಷಗಾನ ಮೇಳಗಳು ಬಂದಾಗ ಚೌಕಿಗೆ, ಅಂದರೆ ವೇಷ ಕಟ್ಟುವ ಕೋಣೆಗೆ, ಹೋಗಿ ನೋಡಿ. ಕಲಾವಿದರು ಕನ್ನಡಿ ಹಿಡಿದು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುತ್ತಾರೆ. ಅರವತ್ತು ದಾಟಿದ ವೇಷಧಾರಿಯೊಬ್ಬರು ಬರೆದುಕೊಳ್ಳುವುದನ್ನು ನಾನು ಒಂದು ಗಂಟೆ ನಿಂತು ನೋಡಿದ್ದೇನೆ. ಎರಡು ಎಳೆ ಬರೆಯುವುದು, ಕನ್ನಡಿಯನ್ನು ದೂರ ಹಿಡಿದು ಕಣ್ಣು ಪೂರ್ತಿ ಬಿಟ್ಟು ನೋಡುವುದು, ಮತ್ತೆ ಎರಡು ಎಳೆ ಬರೆಯುವುದು. ಸಭೆಯ ಕೊನೆಯ ಸಾಲಿಗೆ ಕಾಣಬೇಕಾದದ್ದು ತೆರೆದ ಕಣ್ಣು ಎಂಬುದು ಅವರಿಗೆ ಗೊತ್ತು. ಅವರ ಬೆರಳು ಒಮ್ಮೆಯೂ ರೆಪ್ಪೆಯನ್ನು ಎಳೆಯಲಿಲ್ಲ.

ಈಗ ಏನು ಕೊಳ್ಳಬೇಕೆಂಬ ಮಾತು. ಕ್ರಾಫರ್ಡ್ ಮಾರ್ಕೆಟ್ಟಿನ ಗಲ್ಲಿಗಳಲ್ಲಿ ನೂರು ರೂಪಾಯಿಯ ಪೆನ್ಸಿಲೂ ಸಿಗುತ್ತದೆ, ಎರಡು ಸಾವಿರದ್ದೂ ಸಿಗುತ್ತದೆ. ಟಾಟಾದವರು 1952ರಲ್ಲಿ ಲ್ಯಾಕ್ಮೆ ಆರಂಭಿಸಿದ ಕಾಲದಿಂದ ಈ ದೇಶದ ಹೆಂಗಸರಿಗೆ ಇಲ್ಲಿಯೇ ತಯಾರಾದ ಸರಕು ಸಿಗುತ್ತಿದೆ, ಆದ್ದರಿಂದ ಬೆಲೆಗೂ ಹೆಸರಿಗೂ ಮರುಳಾಗಬೇಡಿ, ಪರೀಕ್ಷೆ ಮಾಡಿ. ಪೆನ್ಸಿಲನ್ನು ಕೈಯ ಹಿಂಭಾಗದಲ್ಲಿ, ಮಣಿಕಟ್ಟಿನ ಹತ್ತಿರದ ಸಡಿಲ ಚರ್ಮದ ಮೇಲೆ ಎಳೆಯಿರಿ. ಪೆನ್ಸಿಲಿನ ಜೊತೆಗೆ ಚರ್ಮವೂ ಸರಿದರೆ ಅದನ್ನು ಅಲ್ಲಿಯೇ ಇಟ್ಟು ಬನ್ನಿ. ಚರ್ಮ ನಿಂತಲ್ಲಿಯೇ ನಿಂತು ಬಣ್ಣ ಮಾತ್ರ ಬೆಣ್ಣೆಯಂತೆ ಇಳಿದರೆ ಅದು ನಿಮ್ಮ ಪೆನ್ಸಿಲ್. ಗಟ್ಟಿ ಪೆನ್ಸಿಲ್ ಇದ್ದರೇ ರೆಪ್ಪೆಯನ್ನು ಎಳೆಯುವ ಮನಸ್ಸಾಗುವುದು. ಮೆತ್ತನೆಯ ಜೆಲ್ ಪೆನ್ಸಿಲ್ ಇದ್ದರೆ ಕಣ್ಣು ತೆರೆದೇ ಗುರುತು ಹಾಕಬಹುದು. ದ್ರವರೂಪದ ಲೈನರ್ ಸಣ್ಣ ಸುಕ್ಕುಗಳ ಉದ್ದಕ್ಕೂ ಹರಿದು ಬೇರು ಬಿಡುತ್ತದೆ, ಅದನ್ನು ಮಕ್ಕಳಿಗೆ ಬಿಟ್ಟುಕೊಡಿ. ಪೆನ್ಸಿಲ್ ಒಗ್ಗದವರು ಓರೆಯಾಗಿ ಕತ್ತರಿಸಿದ ಸಣ್ಣ ಬ್ರಷ್ಷಿನಿಂದ ಕಂದು ಐಶ್ಯಾಡೋ ಪುಡಿಯನ್ನೇ ಒತ್ತಿ ಒತ್ತಿ ಗೆರೆ ಮಾಡಿಕೊಳ್ಳಬಹುದು.

ಐಶ್ಯಾಡೋವಿಗೂ ಇದೇ ನಿಯಮ. ನೆರಳಿನ ಬಣ್ಣವನ್ನು ಮಡಿಕೆಯ ಒಳಗೆ ಹಚ್ಚಿದರೆ ಕಣ್ಣು ತೆರೆದಾಗ ಅದು ಹೂತುಹೋಗುತ್ತದೆ. ಕನ್ನಡಿಯನ್ನು ನೇರ ನೋಡುತ್ತ, ಮಡಿಕೆಗಿಂತ ಸ್ವಲ್ಪ ಮೇಲೆ, ಕಾಣುವ ಜಾಗದಲ್ಲಿ ಹೊಳಪಿಲ್ಲದ ಬಣ್ಣವನ್ನು ತೇಲಿಸಿ ಹಚ್ಚಿ. ನಮ್ಮ ಗೋಧಿ ಬಣ್ಣಕ್ಕೂ ಎಣ್ಣೆಗಪ್ಪಿಗೂ ಕಾಫಿಪುಡಿಯ ಕಂದು, ಬದನೆಕಾಯಿಯ ನೇರಳೆ, ಮಳೆಮೋಡದ ಬೂದು ಚೆನ್ನಾಗಿ ಒಪ್ಪುತ್ತವೆ. ಹೊಳಪೇ ಬೇಡವೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ರೇಷ್ಮೆಯಂತಹ ನುಣುಪಾದ ಹೊಳಪನ್ನು ರೆಪ್ಪೆಯ ನಡುವೆ ಬೆರಳ ತುದಿಯಿಂದ ಒತ್ತಿದರೆ ಕಣ್ಣು ಎಚ್ಚರವಾಗಿ ಕಾಣುತ್ತದೆ. ದಪ್ಪ ಕಣಗಳ ಗ್ಲಿಟರ್ ಮಾತ್ರ ಬೇಡ, ಅದು ಸುಕ್ಕಿನಲ್ಲಿ ಕುಳಿತು ಸುಕ್ಕನ್ನೇ ಎಣಿಸಿ ತೋರಿಸುತ್ತದೆ.

ಕೆಳರೆಪ್ಪೆಯ ಒಳಅಂಚಿಗೆ ಕಾಡಿಗೆ ತುಂಬುವ ಅಭ್ಯಾಸವನ್ನು ಬಿಡಲು ಹೇಳಿದರೆ ಮುನಿಸಿಕೊಳ್ಳುವವರು ಬಹಳ. ಆ ಅಂಚಿನಲ್ಲಿ ಸಾಲಾಗಿ ಸಣ್ಣ ಎಣ್ಣೆಗ್ರಂಥಿಗಳ ಬಾಯಿಗಳಿವೆ. ಅವು ಸುರಿಸುವ ಎಣ್ಣೆ ಕಣ್ಣೀರು ಬೇಗ ಆರದಂತೆ ಕಾಯುತ್ತದೆ. ವಯಸ್ಸಾದಂತೆ ಕಣ್ಣು ಮೊದಲೇ ಒಣಗುತ್ತಿರುವಾಗ ಆ ಬಾಯಿಗಳಿಗೆ ಮೇಣ ಬಳಿದರೆ ಉರಿ, ನೀರು, ನೀರಿನ ಜೊತೆಗೆ ಕೆನ್ನೆಗಿಳಿಯುವ ಕಪ್ಪು. ಸುರ್ಮಾ ಬಗ್ಗೆ ಇನ್ನೂ ಖಡಾಖಂಡಿತವಾಗಿ ಹೇಳುತ್ತೇನೆ: ಸಾಂಪ್ರದಾಯಿಕ ಸುರ್ಮಾದಲ್ಲಿ ಸೀಸದ ಸಲ್ಫೈಡ್ ಇರುತ್ತದೆ, ಅದನ್ನು ನೀವೂ ಹಚ್ಚಬೇಡಿ, ಮೊಮ್ಮಕ್ಕಳಿಗೂ ಹಚ್ಚಬೇಡಿ. ನಮ್ಮ ಅಜ್ಜಿ ಹರಳೆಣ್ಣೆಯ ದೀಪದ ಮಸಿಯಿಂದ ಕಾಡಿಗೆ ಮಾಡಿ ಎಂಬತ್ತರವರೆಗೂ ಹಚ್ಚಿದರಲ್ಲ ಎಂದು ಕೇಳುತ್ತೀರಿ. ನಿಮ್ಮ ಅಜ್ಜಿ ಹೇಗೆ ಹಚ್ಚಿಕೊಳ್ಳುತ್ತಿದ್ದರು ಎಂಬುದನ್ನೂ ನೆನಪಿಸಿಕೊಳ್ಳಿ. ಉಂಗುರದ ಬೆರಳಿಗೆ ಮುಟ್ಟಿಸಿಕೊಂಡು, ಕಣ್ಣು ಬಿಟ್ಟು, ಒಮ್ಮೆ ಸವರುತ್ತಿದ್ದರು. ಅವರು ರೆಪ್ಪೆಯನ್ನು ಕಿವಿಯವರೆಗೆ ಎಳೆಯುತ್ತಿರಲಿಲ್ಲ.

ಮಸ್ಕಾರ ಮೇಲಿನ ಕೂದಲಿಗೆ ಮಾತ್ರ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಊರಿನ ತೇವದಲ್ಲಿ, ಬೆಚ್ಚಗಿನ ನೀರಿಗೆ ಕೊಳವೆಯಾಗಿ ಕಳಚಿಬರುವ ಬಗೆಯ ಮಸ್ಕಾರವನ್ನು ಬಳಸಿ. ವಾಟರ್‌ಪ್ರೂಫ್ ಮಸ್ಕಾರವನ್ನು ರಾತ್ರಿ ತೆಗೆಯಲು ಉಜ್ಜಬೇಕಾಗುತ್ತದೆ, ಉಜ್ಜುವುದೆಂದರೆ ಮತ್ತೆ ಎಳೆಯುವುದೇ. ಯಾವ ಮಸ್ಕಾರವಾದರೂ ತೆರೆದ 3 ತಿಂಗಳಿಗೆ ಎಸೆಯಿರಿ, ಅರ್ಧ ಉಳಿದಿದ್ದರೂ ಎಸೆಯಿರಿ.

ಕನ್ನಡಕ ತೆಗೆದರೆ ಕಾಣುವುದಿಲ್ಲ, ಕಣ್ಣು ತೆರೆದಿಟ್ಟು ಏನು ಪ್ರಯೋಜನ ಎಂಬ ಆಕ್ಷೇಪವೂ ಬಂದಿದೆ. 5 ಪಟ್ಟು ದೊಡ್ಡದಾಗಿ ತೋರಿಸುವ ಕನ್ನಡಿ ಎಲ್ಲೆಡೆ ಸಿಗುತ್ತದೆ. ಒಂದೊಂದೇ ಗಾಜು ಕೆಳಗೆ ಮಡಚುವ ಅಲಂಕಾರದ ಕನ್ನಡಕವೂ ಸಿಗುತ್ತದೆ. ಕೈ ನಡುಗುತ್ತದೆ ಎಂದು ಮತ್ತೊಬ್ಬರು ಬರೆದಿದ್ದಾರೆ. ಮೊಣಕೈಯನ್ನು ಮೇಜಿಗೆ ಊರಿ, ಕಿರುಬೆರಳನ್ನು ಕೆನ್ನೆಗೆ ಆನಿಸಿ, ನಡುಗುವುದು ಅರ್ಧಕ್ಕೆ ಇಳಿಯುತ್ತದೆ. ಹೇಗೂ ನೀವು ಹಾಕಬೇಕಾದದ್ದು ಚುಕ್ಕೆ, ಚುಕ್ಕೆಗೆ ಎಷ್ಟು ಸ್ಥಿರತೆ ಬೇಕು? ಜೋತ ರೆಪ್ಪೆಗೆ ಶಸ್ತ್ರಚಿಕಿತ್ಸೆ ಮಾಡಿಸಿದರೆ ಈ ತಾಪತ್ರಯವೇ ಇಲ್ಲ ಎನ್ನುವವರು ಮಾಡಿಸಿಕೊಳ್ಳಲಿ, ನನ್ನ ಅಡ್ಡಿಯಿಲ್ಲ. ಒಂದು ಎಚ್ಚರಿಕೆ ಮಾತ್ರ: ಒಂದೇ ಕಡೆಯ ರೆಪ್ಪೆ ಇದ್ದಕ್ಕಿದ್ದಂತೆ ಜೋತುಬಿದ್ದರೆ ಅದು ಪೆನ್ಸಿಲಿನ ವಿಷಯವಲ್ಲ, ಅದೇ ದಿನ ವೈದ್ಯರ ಬಳಿಗೆ ಹೋಗಬೇಕು.

ಎಲ್ಲ ಪಾರ್ಲರುಗಳಲ್ಲಿಯೂ ಎಳೆದೇ ಹಚ್ಚುತ್ತಾರೆ ಎಂಬ ವಾದಕ್ಕೆ ನನ್ನ ಉತ್ತರ, ಎಲ್ಲ ಪಾರ್ಲರುಗಳಲ್ಲಿಯೂ ತಪ್ಪು ನಡೆಯುತ್ತಿದೆ. ಅವರು ಕಲಿತದ್ದು ಇಪ್ಪತ್ತೆರಡು ವರ್ಷದ ಮದುಮಗಳ ಮುಖದ ಮೇಲೆ. ಆ ಚರ್ಮ ಎಳೆದರೂ ರಬ್ಬರಿನಂತೆ ಮರಳುತ್ತದೆ. ನಮ್ಮದು ಹಾಗೆ ಮರಳುವುದಿಲ್ಲ. ಇಪ್ಪತ್ತಾರು ವರ್ಷಗಳಿಂದ ಈ ಊರಿನ ಕನ್ನಡಿಗರ ಮನೆಗಳಲ್ಲಿ ಮದುಮಗಳಿಗಿಂತ ಹೆಚ್ಚಾಗಿ ಮದುಮಗಳ ಅಮ್ಮ, ಅತ್ತೆ, ಅಜ್ಜಿಯರ ಕಣ್ಣುಗಳನ್ನು ನಾನು ತಿದ್ದಿದ್ದೇನೆ, ಒಂದು ರೆಪ್ಪೆಯನ್ನೂ ಎಳೆದಿಲ್ಲ. ಪ್ರತಿ ಶನಿವಾರ ಇದೇ ಕೋಣೆಯಲ್ಲಿ ಐದೈದು ಮಂದಿಗೆ ಕೂರಿಸಿ ಕಲಿಸುತ್ತೇನೆ. ಹುಬ್ಬಿನ ಬಗ್ಗೆ ಮಾಡಿದ ಸಂಚಿಕೆಯನ್ನು ನೋಡದವರು ಇದರ ಬೆನ್ನಿಗೇ ಅದನ್ನೂ ನೋಡಿ, ಚಾನೆಲ್‌ಗೆ ಚಂದಾದಾರರಾಗಿ, ನಿಮ್ಮ ಅಕ್ಕತಂಗಿಯರಿಗೆ ಕಳುಹಿಸಿ.

ಈ ವಯಸ್ಸಿನಲ್ಲಿ ಇದೆಲ್ಲ ಏಕೆ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ. ಹಚ್ಚುವುದಾದರೆ ಕಣ್ಣು ತೆರೆದು ಗುರುತು ಹಾಕಿ ಹಚ್ಚಿ, ಅಷ್ಟೇ. ಎಳೆಯಬೇಡಿ. ಮಗಳು ಹಚ್ಚಿಕೊಡುತ್ತೇನೆಂದು ಬಂದು ಬೆರಳನ್ನು ಕಣ್ಣಿನ ಮೂಲೆಗೆ ಇಟ್ಟರೆ ಅವಳ ಕೈ ಹಿಡಿದು ನಿಲ್ಲಿಸಿ. ಸಾವಿರಾರು ರೂಪಾಯಿ ತೆಗೆದುಕೊಂಡು ಬಂದ ಅಲಂಕಾರದವರು ಎಳೆದರೂ ನಿಲ್ಲಿಸಿ, ಕಣ್ಣು ತೆರೆದು ಬರೆಯಮ್ಮ ಎಂದು ಹೇಳಿ, ಆಗುವುದಿಲ್ಲವೆಂದರೆ ಪೆನ್ಸಿಲನ್ನು ನೀವೇ ತೆಗೆದುಕೊಳ್ಳಿ. ಎಳೆಯಬೇಡಿ ಎಂಬುದನ್ನು ಇನ್ನು ನೂರು ಸಂಚಿಕೆಗಳಲ್ಲಿ ಹೇಳಬೇಕಾದರೂ ಹೇಳುತ್ತೇನೆ.

ಪುಣೆಯ ಆ ಸಹೋದರಿಯೂ ಆ 42 ಮಂದಿಯೂ ಈಗ ನೋಡುತ್ತಿದ್ದರೆ ಕನ್ನಡಿ ಹಿಡಿದು ನನ್ನ ಜೊತೆಗೆ ಕುಳಿತುಕೊಳ್ಳಿ. ನಾನು ಕನ್ನಡಕ ತೆಗೆದಿಟ್ಟೆ. ಮೊಣಕೈ ಮೇಜಿನ ಮೇಲಿದೆ, ಕಿರುಬೆರಳು ಕೆನ್ನೆಯ ಮೇಲಿದೆ, ಎಡಗೈ ಮಡಿಲಲ್ಲಿದೆ, ಅದು ಅಲ್ಲಿಂದ ಏಳುವುದಿಲ್ಲ. ಕ್ಯಾಮೆರಾ ಇನ್ನೂ ಸ್ವಲ್ಪ ಹತ್ತಿರ ಬರಲಿ. ಕಣ್ಣು ತೆರೆದಿದೆ, ನೇರ ನೋಡುತ್ತಿದೆ. ಮೊದಲ ಚುಕ್ಕೆ ಇಲ್ಲಿ.